ಫ್ರಾಕು ಕದ್ದವಳ ಫೈಲು

ಮಗಳ ಬಾಣಂತನಕ್ಕೆ ಅಂತ ನಾನು ಆಸ್ಟ್ರೇಲಿಯಾದ ವೊಲೊಂಗಾಂಗ್‌ಗೆ ಬಂದು ಎರಡು ತಿಂಗಳಾಗಿತ್ತು. ಸಿಡ್ನಿಯಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ನಡುವೆ ಉದ್ದಕ್ಕೆ ಮಲಗಿದ ಊರು. ಕೂಸಿಗೆ ಎರೆಯುವುದು, ಬಾಣಂತಿಗೆ ಅಡಿಗೆ, ಎಲ್ಲ ಬೆಳಗಿನ ಹತ್ತು ಗಂಟೆಗೆ ಮುಗಿದುಹೋಗುತ್ತಿತ್ತು. ಮೊದಲ ವಾರ ಲೋಬಾನದ ಹೊಗೆ ಹಾಕಲು ಹೋದೆ. ಮನೆಯ ಸ್ಮೋಕ್ ಅಲಾರಂ ಕಿರುಚಿ ಪಕ್ಕದ ಮನೆಯವರು ಓಡಿ ಬಂದರು. ಅಲ್ಲಿಗೆ ಆ ಕೆಲಸವೂ ಹೋಯಿತು. ಆಮೇಲೆ ಸಂಜೆಯ ತನಕ ಏನು ಮಾಡುವುದು?

ನಾನು ಮೂವತ್ತೊಂದು ವರ್ಷ ಧಾರವಾಡದ ಕಡೆ ಕೋರ್ಟುಗಳಲ್ಲಿ ಕೆಲಸ ಮಾಡಿದವಳು. ಬಹಳ ವರ್ಷ ಬೆಂಚ್ ಕ್ಲರ್ಕ್, ಕೊನೆಗೆ ಶಿರಸ್ತೇದಾರ್ ಆಗಿ ನಿವೃತ್ತಿ. ಕೈಯಲ್ಲಿ ಕಾಗದ ಇಲ್ಲದಿದ್ದರೆ ಏನೋ ಕಳಕೊಂಡ ಹಾಗೆ ಆಗುತ್ತದೆ.

ಒಂದು ದಿನ ಮಗಳು 20 ಡಾಲರ್ ನೋಟು ಕೊಟ್ಟು ಹಾಲು, ಕೊತ್ತಂಬರಿ ತರಲು ಕಳಿಸಿದಳು. ಕೆಂಪು ನೋಟು. ಅದರ ಮೇಲೆ ಕನ್ನಡಕ ಹಾಕಿ, ಲೇಸಿನ ಟೊಪ್ಪಿಗೆ ಕಟ್ಟಿಕೊಂಡ ಒಬ್ಬ ಅಜ್ಜಿ. ಯಾರೋ ರಾಣಿಯ ಮನೆಯವರು ಇರಬೇಕು ಅಂದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಅಳಿಯನನ್ನು ಕೇಳಿದೆ.

"ಅಕಿ ಕುದುರಿ ಕಳವು ಮಾಡಿ ಸಿಕ್ಕಿಬಿದ್ದಾಕಿರೀ ಅತ್ತಿಯವರ," ಎಂದು ನಕ್ಕರು.

ನಾನು ನಂಬಲಿಲ್ಲ. ಆಮೇಲೆ ನೋಡಿದರೆ ನಿಜವೇ. ಮೇರಿ ರೀಬಿ. ಇಂಗ್ಲೆಂಡಿನಲ್ಲಿ 13 ವರ್ಷದವಳಿದ್ದಾಗ ಗಂಡು ಹುಡುಗನ ವೇಷದಲ್ಲಿ ಕುದುರೆ ಕದ್ದ ಕೇಸಿನಲ್ಲಿ ಸಿಕ್ಕಳು. 1792ರಲ್ಲಿ ಹಡಗು ಹತ್ತಿಸಿ ಇಲ್ಲಿಗೆ ತಂದು ಬಿಟ್ಟರು. ಗಂಡ ತೀರಿಕೊಂಡ ಮೇಲೆ ಏಳು ಮಕ್ಕಳನ್ನು ಕಟ್ಟಿಕೊಂಡು ಹಡಗು, ಗೋದಾಮು, ಜಮೀನು ಎಲ್ಲ ನಡೆಸಿದ ಗಟ್ಟಿಗಿತ್ತಿ. ನಮ್ಮಲ್ಲಿ ಕಳವು ಕೇಸಿನ ಆರೋಪಿಯನ್ನು ನೋಟಿನ ಮೇಲೆ ಹಾಕುತ್ತಾರೆಯೇ?

ಆದರೆ ಕೋರ್ಟಿನಲ್ಲಿ ಕೂತವರಿಗೆ ಇಂಥ ಕಥೆ ಅಷ್ಟು ಬೇಗ ಇಳಿಯುವುದಿಲ್ಲ. ನೂರು ಜನರಲ್ಲಿ ಒಬ್ಬಳು ಹೀಗೆ ಮೇಲೆ ಬರುತ್ತಾಳೆ. ಉಳಿದ ತೊಂಬತ್ತೊಂಬತ್ತು ಜನರ ಫೈಲು ಎಲ್ಲಿ?

ಮರುದಿನ ಕೂಸು ಮಲಗಿದ ಮೇಲೆ ಊರೊಳಗೆ ಸುತ್ತುವ ಪುಕ್ಕಟೆ ಬಸ್ಸು ಹಿಡಿದು ಲೈಬ್ರರಿಗೆ ಹೋದೆ. ಅಲ್ಲಿ ಸ್ಥಳೀಯ ಇತಿಹಾಸ ನೋಡುವವರಿಗೆ ಸಹಾಯ ಮಾಡಲು ಒಬ್ಬ ಹಿರಿಯ ಹೆಂಗಸು ಸಂಬಳ ಇಲ್ಲದೆ ಬಂದು ಕೂರುತ್ತಾರೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಹೆಸರು ಹಿಡಿದೇ ಕರಿ ಎಂದರು. ನನ್ನ ಬಾಯಿಗೆ ಬರಲಿಲ್ಲ. ಕೊನೆಯ ತನಕ ಮೇಡಂ ಎಂದೇ ಕರೆದೆ.

ನನ್ನ ಇಂಗ್ಲಿಷ್ ಕೋರ್ಟಿನ ಇಂಗ್ಲಿಷ್. ಮಾತಿಗಿಂತ ಓದು ಜಾಸ್ತಿ. ಆದರೂ ಕೇಳಿದ್ದು ಅವರಿಗೆ ತಿಳಿಯಿತು. ಮೊದಲು ಲೆಕ್ಕ ಹೇಳಿದರು. 1788ರಿಂದ 1868ರವರೆಗೆ ಸುಮಾರು 1,62,000 ಕೈದಿಗಳನ್ನು ಬ್ರಿಟನ್, ಐರ್ಲೆಂಡ್ ಕಡೆಯಿಂದ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಅದರಲ್ಲಿ ಹೆಂಗಸರು ಸುಮಾರು 25,000. ಬಹಳಷ್ಟು ಜನರದು ಬಟ್ಟೆ, ಚಮಚ, ಧಣಿಯ ಮನೆಯ ಪಾತ್ರೆ, ಅಂಗಡಿಯ ರಿಬ್ಬನ್, ಇಂಥ ಕಳವು. ಆಮೇಲೆ ಅವರು, "ನನ್ನ ಮುತ್ತಜ್ಜಿಯ ಅಜ್ಜಿಯೂ ಅವರಲ್ಲಿ ಒಬ್ಬಳು" ಎಂದರು. ಎಷ್ಟು ಹೆಮ್ಮೆಯಿಂದ ಎಂದರೆ, ನಮ್ಮಲ್ಲಿ ಅಜ್ಜ ಸ್ವಾತಂತ್ರ್ಯ ಹೋರಾಟಗಾರ ಎಂದು ಹೇಳಿಕೊಂಡ ಹಾಗೆ. ಅವರ ಅಮ್ಮನ ಕಾಲದಲ್ಲಿ ಇದನ್ನು ಯಾರೂ ಬಾಯಿ ಬಿಡುತ್ತಿರಲಿಲ್ಲವಂತೆ. ಮನೆತನಕ್ಕೆ ಕಪ್ಪು ಮಸಿ ಅಂತ ಮುಚ್ಚಿಡುತ್ತಿದ್ದರಂತೆ. ಈಗ ಕೈದಿ ಅಜ್ಜಿ ಇಲ್ಲದವರಿಗೇ ಬೇಜಾರು.

"ನಿನಗೆ ಒಬ್ಬಳದೇ ಫೈಲು ಬೇಕಲ್ಲವಾ? ಈ ಊರಿನಲ್ಲೇ ಸತ್ತವಳು ಒಬ್ಬಳಿದ್ದಾಳೆ" ಎಂದು ಚೀಟಿಯಲ್ಲಿ ಹೆಸರು ಬರೆದು ಕೊಟ್ಟರು. ಮೇರಿ ವೇಡ್.

ಅಂಗಡಿಯಲ್ಲಿ ಒಂದು ನೋಟ್‌ಬುಕ್ ಕೊಂಡು, ಅಡ್ಡ ಇಟ್ಟು ಗೆರೆ ಹಾಕಿದೆ. ಫಿರ್ಯಾದಿ, ಆರೋಪಿ, ಕಲಂ, ಸಾಕ್ಷಿ, ತೀರ್ಪು, ಮುದ್ದೆಮಾಲು. ಕೈ ತಾನಾಗಿಯೇ ಗೆರೆ ಎಳೆಯಿತು.

ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನ ಹಳೇ ವಿಚಾರಣೆಗಳು, 1674ರಿಂದ 1913ರವರೆಗಿನವು, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತು ವರ್ಷದ ಹಿಂದಿನ ಫೈಲು ಹುಡುಕಲು ಎಷ್ಟು ಧೂಳು ಕುಡಿಯಬೇಕು ಎಂದು ನೆನಪಾಯಿತು. ಇಲ್ಲಿ ಹೆಸರು ಹೊಡೆದರೆ ಮುಗಿಯಿತು. ಕೇಸು 14 ಜನವರಿ 1789ರದು. ಆರೋಪಿಗಳು ಇಬ್ಬರು, ಜೇನ್ ವೈಟಿಂಗ್ ಮತ್ತು ಮೇರಿ ವೇಡ್. ಫಿರ್ಯಾದಿ ಕಡೆಯ ಕೂಸು ಮೇರಿ ಫಿಲಿಪ್ಸ್, ಎಂಟು ವರ್ಷ.

ಮೇರಿ ವೇಡ್‌ಗೆ ಎಷ್ಟು ವರ್ಷ? ಹತ್ತೋ ಹನ್ನೊಂದೋ ಎಂದು ಬಹಳ ಕಡೆ ಬರೆದಿದ್ದಾರೆ. ಕಾಗದದಿಂದ ಕಾಗದಕ್ಕೆ ಒಂದೆರಡು ವರ್ಷ ಹಿಂದೆ ಮುಂದೆ ಆಗುತ್ತದೆ. ಇದರಲ್ಲಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮಲ್ಲೂ ಹುಡುಗರ ವಯಸ್ಸು ಶಾಲೆಯ ದಾಖಲೆಯಲ್ಲಿ ಒಂದು, ತಾಯಿಯ ಬಾಯಲ್ಲಿ ಒಂದು. ಯಾವುದೂ ಸಿಗದಿದ್ದರೆ ಎಲುಬಿನ ಎಕ್ಸ್‌ರೇ ತೆಗೆಸಿ ತೀರ್ಮಾನ ಮಾಡುತ್ತೇವೆ.

ಹುಡುಗಿ ಬೀದಿ ಗುಡಿಸುವ ನೆಪದಲ್ಲಿ ಭಿಕ್ಷೆ ಬೇಡುತ್ತಿದ್ದಳು. 1788ರ ಅಕ್ಟೋಬರ್‌ನಲ್ಲಿ ಒಂದು ದಿನ ಮೇರಿ ಫಿಲಿಪ್ಸ್ ಬಾಟಲಿ ಹಿಡಿದು ನೀರು ತರಲು ಬಂದಿದ್ದಾಳೆ. ಇವರಿಬ್ಬರು ಅವಳನ್ನು ಪಾಯಖಾನೆಗೆ ಕರೆದೊಯ್ದು ಮೈಮೇಲಿನ ಬಟ್ಟೆ ಬಿಚ್ಚಿಸಿಕೊಂಡರು. ಒಂದು ಹತ್ತಿಯ ಫ್ರಾಕು, ಒಂದು ಹೆಗಲ ವಸ್ತ್ರ, ಒಂದು ಟೊಪ್ಪಿಗೆ. ಎಲ್ಲ ಸೇರಿ ಕೆಲವೇ ಶಿಲ್ಲಿಂಗಿನ ಮಾಲು. ಫ್ರಾಕನ್ನು ಗಿರವಿ ಅಂಗಡಿಗೆ ಕೊಟ್ಟು ದುಡ್ಡು ಮಾಡಿಕೊಂಡರು. ಇನ್ನೊಂದು ಮಗು ಬಾಯಿ ಬಿಟ್ಟಿತು. ಮೇರಿ ವೇಡ್ ಇದ್ದ ಕೋಣೆಯಲ್ಲಿ ಹೆಗಲ ವಸ್ತ್ರ ಸಿಕ್ಕಿತು. ಕೇಸು ಗಟ್ಟಿಯಾಯಿತು.

ಇಲ್ಲಿಗೆ ಬಂದಾಗ ನಾನು ಮೊದಲು ನೋಡಿದ್ದು ಕಲಂ. ಕಳವು ಎಂದು ಹಾಕಿದ್ದಾರೆಯೇ, ಸುಲಿಗೆ ಎಂದೇ? ಕಳವಾದರೆ ಆ ಕಾಲದ ಇಂಗ್ಲೆಂಡಿನಲ್ಲಿ ಮಾಲಿನ ಬೆಲೆ ಲೆಕ್ಕಕ್ಕೆ ಬರುತ್ತಿತ್ತು. ಮನೆಯೊಳಗಿಂದ 40 ಶಿಲ್ಲಿಂಗ್ ಕದ್ದರೆ ನೇಣು. ಅದಕ್ಕೆ ಎಷ್ಟೋ ಜ್ಯೂರಿಗಳು ಬೇಕಂತಲೇ "ಮಾಲಿನ ಬೆಲೆ 39 ಶಿಲ್ಲಿಂಗ್" ಎಂದು ತೀರ್ಮಾನ ಕೊಟ್ಟು ಜೀವ ಉಳಿಸುತ್ತಿದ್ದವು. ಅಂಥ ಸುಳ್ಳಿಗೆ ನಾನಾದರೆ ಕಣ್ಣು ಮುಚ್ಚಿ ಸೀಲು ಹೊಡೆಯುತ್ತಿದ್ದೆ. ಆದರೆ ಇವರ ಮೇಲೆ ಹಾಕಿದ್ದು ರಾಜಮಾರ್ಗದಲ್ಲಿ ಹೆದರಿಸಿ ಸುಲಿಗೆ ಮಾಡಿದ ಆರೋಪ. ಅದರಲ್ಲಿ ಬೆಲೆ ಕಡಿಮೆ ಮಾಡಿ ಪಾರು ಮಾಡುವ ದಾರಿ ಇಲ್ಲ. ನೇಣೇ. 2024ರ ತನಕ ಜಾರಿಯಲ್ಲಿದ್ದ ನಮ್ಮ ಐಪಿಸಿಯಲ್ಲೂ, ಅಂದರೆ ಭಾರತೀಯ ದಂಡ ಸಂಹಿತೆಯಲ್ಲೂ, ಕಳವಿನ 379ಕ್ಕೂ ಸುಲಿಗೆಯ 392ಕ್ಕೂ ಮೂರು ವರ್ಷದ ಜೈಲಿಗೂ ಹತ್ತು ವರ್ಷದ ಜೈಲಿಗೂ ಇರುವಷ್ಟು ಅಂತರ ಇತ್ತು. ಒಂದು ಸಂಖ್ಯೆ ತಪ್ಪಿ ಟೈಪ್ ಆದರೆ ಸಾಹೇಬರು ನನ್ನ ಮೇಲೆ ಹೇಗೆ ಸಿಡುಕುತ್ತಿದ್ದರು ಎಂದು ನೆನಪಾಗಿ ಮೈ ಜುಮ್ಮೆಂದಿತು.

ವಿಚಾರಣೆ ಓದುತ್ತಾ ಒಂದು ಮಾತಿಗೆ ಸಿಕ್ಕಿಕೊಂಡೆ. ಮೇರಿ ವೇಡ್, "ಅವಳನ್ನು ನೆಸೆಸರಿಯೊಳಗೆ ಎಸೆಯಬೇಕು ಅಂತಿದ್ದೆ, ಎಸೆದಿದ್ದರೆ ಚೆನ್ನಾಗಿತ್ತು" ಎಂದಳೆಂದು ಸಾಕ್ಷಿ ಹೇಳಿದ್ದಾರೆ. ನೆಸೆಸರಿ ಎಂದರೆ ಅಗತ್ಯವಾದದ್ದು, ಅದರೊಳಗೆ ಎಸೆಯುವುದು ಹೇಗೆ? ಮೇಡಂ ಹತ್ತಿರ ಕೇಳಿದರೆ ಜೋರಾಗಿ ನಕ್ಕುಬಿಟ್ಟರು. ಪಾಯಖಾನೆಗೆ ಆಗಿನವರು ಹಾಗೆನ್ನುತ್ತಿದ್ದರಂತೆ. ನಮ್ಮಲ್ಲಿ "ಹೊರಕಡೆ ಹೋಗಿದ್ದಾರೆ" ಎನ್ನುತ್ತೇವಲ್ಲ, ಹಾಗೆ. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ವಾಪಸ್ ಬರುವಾಗ ಆ ಸಾಲೇ ತಲೆಯಲ್ಲಿ ತಿರುಗಿತು. ಸಿಕ್ಕಿಬಿದ್ದ ಸಿಟ್ಟಿನಲ್ಲಿ ಮಕ್ಕಳು ಆಡುವ ಮಾತು ಅದು. "ನಿನ್ನ ಬಾವಿಗೆ ದೂಡಬೇಕಿತ್ತು" ಎಂದು ಅಕ್ಕ ತಂಗಿಯರೇ ಬೈದಾಡುತ್ತಾರೆ. ಕಾಗದಕ್ಕೆ ಇಳಿದ ಕೂಡಲೇ ಅದು ಸಾಕ್ಷ್ಯ. ನಾನೂ ಎಷ್ಟೋ ಮಕ್ಕಳ ಮಾತನ್ನು ಹಾಗೆ ಕಾಗದಕ್ಕೆ ಇಳಿಸಿದವಳೇ.

ಅವಳ ಪರವಾಗಿ ಜ್ಯೂರಿಯ ಮುಂದೆ ವಾದ ಮಾಡಲು ವಕೀಲರಿಗೆ ಅವಕಾಶವೇ ಇರಲಿಲ್ಲ. ದೊಡ್ಡ ಅಪರಾಧದ ಕೇಸುಗಳಲ್ಲಿ ಅಲ್ಲಿ ಆ ಅವಕಾಶ ಬಂದದ್ದು 1836ರಲ್ಲಿ. ತೀರ್ಪು ಎರಡು ಮಾತಿನದು. ಅಪರಾಧಿ. ಮರಣ.

ಮುಂದೆ ಆದದ್ದನ್ನು ಯಾರಾದರೂ ನಾಟಕದಲ್ಲಿ ಬರೆದಿದ್ದರೆ ಬೈಯುತ್ತಿದ್ದೆ. ರಾಜ ಮೂರನೇ ಜಾರ್ಜ್‌ಗೆ ಆಗ ತಲೆ ಕೆಟ್ಟಿತ್ತು. ತಿಂಗಳುಗಟ್ಟಲೆ ರಾಜ್ಯ ದಿಕ್ಕಿಲ್ಲದೆ ಕೂತಿತ್ತು. 1789ರ ವಸಂತದ ಹೊತ್ತಿಗೆ ರಾಜ ಗುಣವಾದ. ಊರೆಲ್ಲ ದೀಪ, ಹಬ್ಬ. ಆ ಖುಷಿಯಲ್ಲಿ ನೇಣಿಗೆ ಕಾದಿದ್ದ ಹೆಂಗಸರಿಗೆ ಕ್ಷಮೆ. ಆದರೆ ಒಂದು ಷರತ್ತು, ಸಮುದ್ರದ ಆಚೆ ಹೋಗಬೇಕು. ರಾಜ ಇನ್ನೂ ಹಾಸಿಗೆಯಲ್ಲೇ ಇದ್ದಿದ್ದರೆ ಮೇರಿ ವೇಡ್ ಏನಾಗುತ್ತಿದ್ದಳೋ.

ಇದರಲ್ಲಿ ನನಗೆ ಬಹಳ ಹಿಡಿಸಿದವರು ಬೇರೆ ಕೆಲವರು. ಕ್ಷಮೆಯ ಷರತ್ತು ಓದಿ ಹೇಳಿದಾಗ ಕೆಲವು ಹೆಂಗಸರು ಬೇಡ ಎಂದುಬಿಟ್ಟರು. ಸಾರಾ ಕೌಡನ್ ಎನ್ನುವವಳು, ಪರದೇಶಕ್ಕೆ ಹೋಗುವುದಕ್ಕಿಂತ ನನ್ನ ದೇಶದ ಕಾನೂನಿನಲ್ಲೇ ಸಾಯುತ್ತೇನೆ ಎಂದಳು. ನ್ಯಾಯಾಧೀಶರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಕೊಟ್ಟ ಕ್ಷಮೆಯನ್ನು ವಾಪಸ್ ಎಸೆಯುವ ಆರೋಪಿಯನ್ನು ನಾನಂತೂ ನೋಡಿಲ್ಲ. ಕೊನೆಗೆ ಹೆದರಿಸಿ, ಮನವೊಲಿಸಿ ಒಪ್ಪಿಸಿದರು. ಈಗಿನವರಿಗೆ ಆಸ್ಟ್ರೇಲಿಯಾ ಎಂದರೆ ವೀಸಾ ಸಿಕ್ಕರೆ ಸಾಕು ಎನ್ನುವ ಜಾಗ. ನನ್ನ ಮಗಳು ಪಿಆರ್, ಅಂದರೆ ಇಲ್ಲಿ ಕಾಯಂ ಇರುವ ಪರವಾನಗಿ, ಸಿಕ್ಕ ದಿನ ಫೋನಿನಲ್ಲಿ ಅತ್ತಿದ್ದಳು.

ಹಡಗಿನ ಹೆಸರು ಲೇಡಿ ಜೂಲಿಯಾನಾ. ಒಳಗೆ ಇದ್ದ ಕೈದಿಗಳೆಲ್ಲ ಹೆಂಗಸರೇ, ಇನ್ನೂರಕ್ಕೂ ಜಾಸ್ತಿ. 1789ರ ಜುಲೈ ಕೊನೆಗೆ ಪ್ಲಿಮತ್ ಬಿಟ್ಟಿತು. ಟೆನೆರೀಫ್, ರಿಯೋ, ಗುಡ್ ಹೋಪ್ ಭೂಶಿರ ಎಂದು ಅಲ್ಲಲ್ಲಿ ನಿಂತು, 1790ರ ಜೂನ್ 3ಕ್ಕೆ ಸಿಡ್ನಿ ಸೇರಿತು. ಹತ್ತು ತಿಂಗಳು ದಾಟಿತ್ತು. ಬೇರೆ ಹಡಗುಗಳಿಗೆ ಹೋಲಿಸಿದರೆ ಇದರಲ್ಲಿ ಸತ್ತವರು ಬಹಳ ಕಡಿಮೆ. ಹಿಂದೆಯೇ ಬಂದ ಮೂರು ಹಡಗುಗಳಲ್ಲಿ ನಾಲ್ಕರಲ್ಲಿ ಒಬ್ಬರಂತೆ ಸತ್ತಿದ್ದರು.

ಜಾನ್ ನಿಕೋಲ್ ಎಂಬುವನು ಈ ಹಡಗಿನಲ್ಲಿ ಉಗ್ರಾಣದ ಕೆಲಸಕ್ಕಿದ್ದ. ಮುದುಕನಾದ ಮೇಲೆ ತನ್ನ ನೆನಪು ಬರೆಸಿದ್ದಾನೆ. ಹಡಗು ಸಮುದ್ರಕ್ಕೆ ಇಳಿಯುತ್ತಿದ್ದಂತೆ ಪ್ರತಿಯೊಬ್ಬ ನಾವಿಕನೂ ಒಬ್ಬೊಬ್ಬಳನ್ನು ಹೆಂಡತಿ ಎಂದು ಆರಿಸಿಕೊಂಡ, ಹೆಂಗಸರಿಗೂ ಅದು ಬೇಡವಾಗಿರಲಿಲ್ಲ ಎನ್ನುತ್ತಾನೆ. ಆ ಕೊನೆಯ ಮಾತನ್ನು ನಾನು ಎರಡು ಸಲ ಓದಿದೆ. ಬೇಡವಾಗಿರಲಿಲ್ಲ ಎಂದು ಯಾರು ಯಾರನ್ನು ಕೇಳಿದರು? ಬೀಗ ಇರುವ ಹಡಗಿನಲ್ಲಿ, ಊಟ ಕೊಡುವ ಕೈ ಅವನದೇ ಆದಾಗ, ಬೇಡ ಎನ್ನುವುದು ಹೇಗೆ? ನಮ್ಮ ಕೋರ್ಟಿನಲ್ಲಿ ಇಂಥ ಹೇಳಿಕೆ ಪಾಟೀಸವಾಲಿನ ಮುಂದೆ ಐದು ನಿಮಿಷ ನಿಲ್ಲುವುದಿಲ್ಲ.

ಸಿಡ್ನಿಯಲ್ಲಿ ಆಗ ಹಸಿವು. ಎರಡು ವರ್ಷಕ್ಕೂ ಜಾಸ್ತಿ ಕಾಲದಿಂದ ಇಂಗ್ಲೆಂಡಿನ ಒಂದು ಹಡಗೂ ಬಂದಿರಲಿಲ್ಲ. ರೇಷನ್ ಇಳಿಸಿ ಇಳಿಸಿ ಜನ ಒಣಗಿಹೋಗಿದ್ದರು. ದೂರದಲ್ಲಿ ಹಡಗು ಕಂಡ ಕೂಡಲೇ ಹಿಟ್ಟು ಬಂತು ಎಂದು ಕುಣಿದರು. ಬಂದದ್ದು ಹೆಂಗಸರು. ಅಲ್ಲಿನ ನ್ಯಾಯಾಧಿಕಾರಿ ಡೇವಿಡ್ ಕಾಲಿನ್ಸ್, ಆಹಾರದ ಬದಲು 222 ಹೆಂಗಸರೆಂಬ ಬೇಡದ, ಲಾಭವಿಲ್ಲದ ಸರಕು ಬಂತು ಎಂದು ಬರೆದಿಟ್ಟ. ಸರಕು! ಕೋರ್ಟಿನವನೇ ಬರೆದದ್ದು ಎಂದು ನನಗೆ ಸ್ವಲ್ಪ ನಾಚಿಕೆಯೂ ಆಯಿತು.

ಅನ್ನ ಸಾಲದೆ ಕೆಲವೇ ತಿಂಗಳಲ್ಲಿ ಮೇರಿ ವೇಡ್‌ನಂಥ ಎಷ್ಟೋ ಹೆಂಗಸರನ್ನು ಮತ್ತೆ ಹಡಗು ಹತ್ತಿಸಿ ನಾರ್ಫೋಕ್ ದ್ವೀಪಕ್ಕೆ ಕಳಿಸಿದರು. ಇಲ್ಲಿಂದ ಮುಂದೆ ಫೈಲು ತೆಳ್ಳಗಾಗುತ್ತದೆ. ಓಲ್ಡ್ ಬೇಲಿಯಲ್ಲಿ ಅವಳ ಬೈಗುಳವನ್ನೂ ಬಿಡದೆ ಬರೆದವರಿದ್ದರು. ಇಲ್ಲಿ ಅವಳು ಪಟ್ಟಿಯಲ್ಲಿ ಒಂದು ಹೆಸರು. ಒಂದು ಸಾಲಿನಲ್ಲಿ ರೇಷನ್, ಇನ್ನೊಂದರಲ್ಲಿ ಮಗುವಿನ ಜನನ. ದ್ವೀಪದಲ್ಲಿದ್ದಾಗಲೇ ಎರಡು ಮಕ್ಕಳು. ಮೊದಲನೆಯದಾಗುವಾಗ ಅವಳಿಗೆ ಹದಿನೈದು ಹದಿನಾರು. ಬಾಣಂತನ ಯಾರು ಮಾಡಿದರು? ಅವಳ ತಾಯಿ ಇದ್ದದ್ದು ಲಂಡನ್ನಿನಲ್ಲಿ. ಇದನ್ನು ಬರೆಯುವಾಗ ನನ್ನ ತೊಡೆಯ ಮೇಲೆ ಮೊಮ್ಮಗಳು ಕಾಲು ಒದೆಯುತ್ತಿದ್ದಳು.

ಒಂದು ಭಾನುವಾರ ಅಳಿಯ ಸಿಡ್ನಿಗೆ ಕರೆದುಕೊಂಡು ಹೋದರು. ಒಪೆರಾ ಹೌಸ್ ತೋರಿಸುವ ಉತ್ಸಾಹ ಅವರಿಗೆ. ನನಗೆ ಬೇಕಾಗಿದ್ದು ಟ್ಯಾಂಕ್ ಸ್ಟ್ರೀಮ್. ನಾರ್ಫೋಕ್‌ನಿಂದ ವಾಪಸ್ ಬಂದ ಮೇಲೆ ಮೇರಿ, ಟೀಗ್ ಹ್ಯಾರಿಗನ್ ಎನ್ನುವವನ ಜೊತೆ ಆ ಹಳ್ಳದ ದಂಡೆಯಲ್ಲಿ ಡೇರೆ ಹಾಕಿಕೊಂಡು ಇದ್ದಳಂತೆ. ಸಿಡ್ನಿ ಅಲ್ಲಿ ಶುರುವಾದದ್ದೇ ಆ ಸಿಹಿನೀರಿಗಾಗಿ. ಈಗ ಹಳ್ಳ ಕಾಣುವುದಿಲ್ಲ. ದೊಡ್ಡ ಕಟ್ಟಡಗಳ ಕೆಳಗೆ ಚರಂಡಿಯಾಗಿ ಹರಿಯುತ್ತದೆ. ಪಿಟ್ ಸ್ಟ್ರೀಟಿನ ಹತ್ತಿರ ನಿಂತು ನೆಲ ನೋಡುತ್ತಿದ್ದೆ. ಸೂಟು ಹಾಕಿದ ಜನ ನನ್ನ ಸುತ್ತ ದಾಟಿ ಹೋಗುತ್ತಿದ್ದರು. "ಅತ್ತಿಯವರ, ಏನರೆ ಬಿದ್ದದೇನ್ರೀ?" ಎಂದು ಅಳಿಯ ಗಾಬರಿಯಾದರು.

ಹ್ಯಾರಿಗನ್ 1806ರಲ್ಲಿ ತಿಮಿಂಗಿಲ ಬೇಟೆಯ ಹಡಗು ಹತ್ತಿ ಹೋದವನು ತಿರುಗಿ ಬರಲಿಲ್ಲ. ಆಮೇಲೆ ಅವಳು ಜೊನಾಥನ್ ಬ್ರೂಕರ್ ಎಂಬ ಇನ್ನೊಬ್ಬ ಕೈದಿಯ ಜೊತೆ ಹಾಕ್ಸ್‌ಬರಿ ನದಿಯ ಕಡೆ ಬದುಕು ಕಟ್ಟಿದಳು. 1812ರಲ್ಲಿ ಬಿಡುಗಡೆಯ ಕಾಗದ ಕೈಗೆ ಬಂತು. ಬಿಡುಗಡೆ ಎಂದರೆ ಅಷ್ಟೇ, ಕಾಗದ. ವಾಪಸ್ ಹೋಗಲು ಹಡಗಿನ ಖರ್ಚನ್ನು ಸರ್ಕಾರ ಕೊಡುತ್ತಿರಲಿಲ್ಲ. ಗಂಡಸರಾದರೆ ನಾವಿಕರಾಗಿ ಕೆಲಸ ಹಿಡಿದು ಹೋಗಬಹುದಿತ್ತು. ಹೆಂಗಸಿಗೆ ಆ ದಾರಿಯೂ ಇಲ್ಲ. ಏಳು ವರ್ಷದ ಶಿಕ್ಷೆಯವಳಿಗೂ ಅದು ಜನ್ಮದ ಶಿಕ್ಷೆಯೇ. ನಮ್ಮ ಐಪಿಸಿಯಲ್ಲೂ 1955ರ ತಿದ್ದುಪಡಿ ಬರುವ ತನಕ "ಜೀವಾವಧಿ ಸಾಗಾಟ" ಎಂಬ ಶಿಕ್ಷೆ ಇತ್ತು, ಕರಿನೀರು ಎನ್ನುತ್ತಿದ್ದೆವಲ್ಲ, ಅದು. ನಾನು ಕೆಲಸಕ್ಕೆ ಸೇರಿದಾಗ ಹಳೇ ತೀರ್ಪುಗಳಲ್ಲಿ ಆ ಪದ ನೋಡಿ ಹಿರಿಯ ಗುಮಾಸ್ತರನ್ನು ಕೇಳಿದ್ದೆ. "ಹೋದವ ಬರೋದಿಲ್ಲವಾ, ಅಷ್ಟ" ಎಂದಿದ್ದರು.

1823ರಲ್ಲಿ ಕಾಡುಬೆಂಕಿ ಬಂದು ಬ್ರೂಕರ್ ದಂಪತಿಯ ಮನೆ, ಬೆಳೆ ಎಲ್ಲ ಸುಟ್ಟಿತು. ಮತ್ತೆ ಮೊದಲಿನಿಂದ. 1828ರ ಹೊತ್ತಿಗೆ ಇಲ್ಲಾವಾರಾದಲ್ಲಿ, ಅಂದರೆ ಈಗ ನನ್ನ ಮಗಳ ಮನೆ ಇರುವ ಸೀಮೆಯಲ್ಲಿ, ಅವರಿಗೆ 62 ಎಕರೆ ಜಮೀನು. ಜಮೀನಿನ ಕಾಗದ ನೋಡಿದಾಗ ಪಹಣಿ ನೋಡಿದ ಅಭ್ಯಾಸದಿಂದ ಹಿಂದಿನ ಮಾಲೀಕರ ಕಾಲಂ ಹುಡುಕುತ್ತೇನೆ. ಇಲ್ಲಿ ಅದು ಸರ್ಕಾರದಿಂದಲೇ ಶುರು. ಇಲ್ಲಿನ ಮೂಲನಿವಾಸಿಗಳಾದ ಧರಾವಲ್ ಜನ ಸಾವಿರಾರು ವರ್ಷದಿಂದ ಇದ್ದ ನೆಲ ಎಂದು ಈಗ ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಅವತ್ತಿನ ಕಾಗದದಲ್ಲಿ ಅವರ ಹೆಸರಿಗೆ ಒಂದು ಸಾಲೂ ಇಲ್ಲ. ಬಟ್ಟೆ ಕದ್ದವಳನ್ನು ಇಷ್ಟು ದೂರ ಸಾಗಿಸಿದವರು ಒಂದು ಖಂಡವನ್ನೇ ತಗೊಂಡರು. ಅದಕ್ಕೆ ಯಾವ ಕಲಂ ಹಾಕುವುದು?

ಮೇರಿ 1859ರ ಡಿಸೆಂಬರ್ 17ರಂದು ವೊಲೊಂಗಾಂಗ್‌ನಲ್ಲಿ ತೀರಿಕೊಂಡಳು. ಎಂಬತ್ತು ದಾಟಿದ್ದಳು. ಹೆತ್ತದ್ದು 21 ಮಕ್ಕಳು. ಅವಳು ಸಾಯುವಾಗ ಬದುಕಿದ್ದದ್ದು ಏಳು. ಆದರೂ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸೇರಿ ಮುನ್ನೂರಕ್ಕೂ ಜಾಸ್ತಿ ಆಗಿದ್ದರು. ಅದೇ ಬಳ್ಳಿಯಲ್ಲಿ ಮುಂದೆ ಬಂದ ಕೆವಿನ್ ರಡ್ 2007ರಲ್ಲಿ ಈ ದೇಶದ ಪ್ರಧಾನಿಯಾದರು. ಮೇಡಂ ಇದನ್ನು ಹೇಳುವಾಗ ಬೆರಳೆತ್ತಿ ಹೇಳಿದರು. ನನಗೆ ಮಾತ್ರ ಪ್ರಧಾನಿಗಿಂತ ಸತ್ತುಹೋದ ಹದಿನಾಲ್ಕು ಮಕ್ಕಳ ಲೆಕ್ಕವೇ ತಲೆಯಲ್ಲಿ ಕೂತಿತು.

ವೀಸಾ ಮುಗಿಯಲು ಒಂದು ವಾರ ಇದ್ದಾಗ ನೋಟ್‌ಬುಕ್ ತೆಗೆದು ಕಾಲಂಗಳನ್ನೆಲ್ಲ ತುಂಬಿಸಿದೆ. ಎಲ್ಲ ತುಂಬಿತು. ಕೊನೆಯದು ಖಾಲಿ. ಮುದ್ದೆಮಾಲು. ನಮ್ಮಲ್ಲಿ ತೀರ್ಪು ಎಷ್ಟೇ ಉದ್ದ ಇರಲಿ, ಜಪ್ತಿ ಮಾಡಿದ ಮಾಲು ಯಾರಿಗೆ ಸೇರಬೇಕು ಎಂಬ ಆದೇಶ ಇರಲೇಬೇಕು. ಸಾಹೇಬರು ಮರೆತರೆ ನೆನಪಿಸುವುದು ನನ್ನ ಕೆಲಸವಾಗಿತ್ತು. ಓಲ್ಡ್ ಬೇಲಿಯ ವರದಿ ಮರಣ ಎನ್ನುವಲ್ಲಿಗೆ ನಿಲ್ಲುತ್ತದೆ. ಫ್ರಾಕಿನ ಸುದ್ದಿ ಇಲ್ಲ.

"ಅವ್ವಾ, ಇನ್ನೂರು ವರ್ಷದ ಹಿಂದಿನ ಫ್ರಾಕು ಕಟಗೊಂಡು ಏನ್ ಮಾಡ್ತಿ?" ಎಂದಳು ಮಗಳು. ಕೈಯಲ್ಲಿ ಕೂಸಿನ ಕುಂಚಿಗೆ, ಕುಲಾವಿ ಮಡಚುತ್ತಿದ್ದಳು. ನನ್ನ ಹಳೇ ಇಳಕಲ್ ಸೀರೆ ಕತ್ತರಿಸಿ ಹೊಲಿದದ್ದು.

"ಎಂಟು ವರ್ಷದ ಹುಡುಗಿ ಅಕ್ಟೋಬರ್ ಚಳಿಯಾಗ ಮೈಮ್ಯಾಲೆ ಅರಿವಿ ಇಲ್ಲದ ಮನಿಗೆ ಹೋಗ್ಯಾಳ," ಎಂದೆ. "ಆಕಿನ್ನ ಯಾರೂ ಕೇಳಲಿಲ್ಲ."

ಪೆನ್ನು ಬೇಡ ಎಂದು ಪೆನ್ಸಿಲ್ ತೆಗೆದುಕೊಂಡೆ. ಖಾಲಿ ಕಾಲಂನಲ್ಲಿ ಸಣ್ಣಗೆ ಬರೆದೆ. ಫ್ರಾಕು ಒಂದು, ಹೆಗಲ ವಸ್ತ್ರ ಒಂದು, ಟೊಪ್ಪಿಗೆ ಒಂದು. ಮೇರಿ ಫಿಲಿಪ್ಸ್‌ಗೆ ಹಿಂತಿರುಗಿಸುವುದು.